ಅಜ್ಜಿಯ ಕೌದಿಗೆ ಅರ್ಥ ಕೇಳಿದ್ದೀರಾ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನಗೆ ಗೊತ್ತಿರುವ ಅಕ್ಕ ಒಬ್ಬರು ಬುಟಿಕ್ ನಡೆಸುತ್ತಾರೆ. ಮದುವೆ ಸೀಸನ್ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. "ಅಕ್ಕಾ, ತೋಳು ಇನ್ನೊಂದು ಇಂಚು ಇಳಿಸ್ರಿ", "ಸೀರಿ ಅಂಚಿಗೆ ಮ್ಯಾಚ್ ಆಗ್ಬೇಕ್ ನೋಡ್ರಿ". ಅಳತೆಯೂ ಗಿರಾಕಿಯದು, ಬಣ್ಣವೂ ಗಿರಾಕಿಯದು.

ಅವರು ಚಿತ್ರ ಬರೆಯುತ್ತಾರೆ ಅಂತ ಗೊತ್ತಾಗಿದ್ದು ಹೋದ ಬೇಸಿಗೆಯಲ್ಲಿ. ಮಾಳಿಗೆ ಮೇಲೆ ಸಣ್ಣ ಕೋಣೆ. ಕ್ಯಾನ್ವಾಸ್‌ಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದವು. ಒಂದನ್ನು ತಿರುಗಿಸಿದರು. ತುಂಬಾ ಎರೆಮಣ್ಣಿನ ಕಪ್ಪು. ಮೇಲೆ ಎಡಕ್ಕೆ ಒಂದೇ ಒಂದು ಅರಿಸಿನದ ಪಟ್ಟಿ, ಅಂಚು ಹರಿದ ಬಟ್ಟೆಯ ಹಾಗೆ. ಬ್ರಷ್ ಬಿಟ್ಟು ಲೈನಿಂಗ್ ಬಟ್ಟೆಯ ತುಂಡಿನಿಂದ ಬಣ್ಣ ಎಳೆದಿದ್ದಾರೆ. ಹತ್ತಿರ ಹೋದರೆ ಬಣ್ಣದೊಳಗೆ ನೂಲಿನ ಗುರುತು ಕಾಣುತ್ತದೆ. ನಾನು ಸುಮ್ನೆ ನಿಂತುಬಿಟ್ಟೆ.

ಯಾರಿಗೂ ತೋರಿಸುವುದಿಲ್ಲವಂತೆ. ಹಿಂದೆ ನೋಡಿದವರೊಬ್ಬರು "ಇದೇನ್ರೀ, ಏನೂ ತಿಳೀವಲ್ದು" ಅಂದಿದ್ದರು. ಇನ್ನೊಬ್ಬರು, "ಟೈಂಪಾಸಿಗೆ ಚಲೋ ಅದ". ಈ ಎರಡನೇ ಮಾತು ಕೇಳಿ ನನಗೆ ಜಾಸ್ತಿ ಸಿಟ್ಟು ಬಂತು. ಗುಟ್ಟಾಗಿ ಇಡಬೇಕು ಅನ್ನಿಸಿದರೆ ಇಡಲಿ, ಅದು ಅವರಿಷ್ಟ. ಅಂಜಿ ಮುಚ್ಚಿಡುವ ಹಾಗೆ ನಾವು ಮಾಡಬಾರದು.

ಇದು ಎಸ್.ಎಂ. ಪಂಡಿತರ ಊರು. 1916ರಲ್ಲಿ ಇಲ್ಲೇ ಹುಟ್ಟಿದವರು. ಅವರು ಬರೆದ ಕ್ಯಾಲೆಂಡರ್ ದೇವರಿಗೆ ಜನ ಕೈ ಮುಗಿದಿದ್ದಾರೆ. ಆ ಅಭಿಮಾನ ನನಗೂ ಇದೆ. ಹಾಗಂತ ಚಿತ್ರ ಅಂದರೆ ಮುಖ ಇರಲೇಬೇಕಾ? ನಾವು ಕೌದಿ ಹೊದ್ದು ಮಲಗಿದವರು. ಅಜ್ಜಿಯ ಹಳೆ ಸೀರೆಯ ಕೆಂಪು, ಪಕ್ಕದಲ್ಲಿ ಅಜ್ಜನ ಧೋತರದ ಬಿಳಿ. ಅದರ ಅರ್ಥ ಏನು ಅಂತ ಯಾವತ್ತಾದರೂ ಕೇಳಿದ್ದೇವಾ?

ಪ್ಯಾರಿಸ್‌ನಲ್ಲಿದ್ದ ಚಿತ್ರಕಲಾವಿದೆ ಸೋನಿಯಾ ಡೆಲೋನೆ 1911ರಲ್ಲಿ ಪುಟ್ಟ ಮಗನಿಗೆ ಬಟ್ಟೆ ತುಂಡು ಜೋಡಿಸಿ ಹೊದಿಕೆ ಹೊಲಿದರು. ಹೆಚ್ಚುಕಡಿಮೆ ನಮ್ಮ ಕೌದಿಯೇ. ಅದು ಅವರನ್ನು ಅಮೂರ್ತ ಚಿತ್ರದ ಕಡೆ, ಅಂದರೆ ಮುಖ-ವಸ್ತು ಬಿಟ್ಟು ಬರೀ ಬಣ್ಣ, ಆಕಾರದಲ್ಲಿ ಬರೆಯುವ ಚಿತ್ರದ ಕಡೆ ಎಳೆಯಿತು. ಮುಂದೆ ಬಟ್ಟೆ ಡಿಸೈನ್ ಮಾಡಿದರು, ಚಿತ್ರವನ್ನೂ ಬಿಡಲಿಲ್ಲ. 1964ರಲ್ಲಿ ಲೂವ್ರ್ ಮ್ಯೂಸಿಯಂನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಬದುಕಿದ್ದಾಗಲೇ ಅಲ್ಲಿ ಆ ಗೌರವ ಸಿಕ್ಕ ಮೊದಲ ಹೆಣ್ಣುಮಗಳು ಅವರು. ಅವರ ಯಾವ ಕೆಲಸವನ್ನು ಟೈಂಪಾಸು ಅನ್ನೋಣ, ಹೇಳಿ?

ಆ ಅರಿಸಿನ ಪಟ್ಟಿಯ ಚಿತ್ರವನ್ನು ಟ್ರಯಲ್ ರೂಮಿನ ಎದುರು ಹಾಕ್ರಿ ಅಂತ ಅಕ್ಕನಿಗೆ ಹೇಳಿದ್ದೇನೆ. ಇನ್ನೂ ಹೂಂ ಅಂದಿಲ್ಲ. ಆದರೆ ಮೊನ್ನೆ ಹೋದಾಗ ಕೊರಳಿನ ಟೇಪ್ ತೆಗೆದು ಆ ಗೋಡೆಯನ್ನು ಅಳೆಯುತ್ತಿದ್ದರು.