ಹೆಸರಿಲ್ಲದ ನ್ಯುಮೋನಿಯಾ

ಕೇಳುಗರಿಗೆ ನಮಸ್ಕಾರ.

ಚಳಿಗಾಲದಲ್ಲಿ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ನ್ಯುಮೋನಿಯಾ ರೋಗಿಗಳು ಇದ್ದೇ ಇರುತ್ತಾರೆ. ಅವರ ನಡುವೆ ಹೊಸ ವೈರಾಣು ತಗಲಿದವರನ್ನು ಗುರುತಿಸುವುದು ಹೇಗೆ? ಜ್ವರ ಅದೇ, ಕೆಮ್ಮು ಅದೇ, ಏದುಸಿರೂ ಅದೇ. ಮುಂದೆ ಕೋವಿಡ್ ಎಂದು ಹೆಸರಾದ ರೋಗದ ಪತ್ತೆಯೂ ಹೀಗೇ ಶುರುವಾಯಿತು.

2019ರ ಡಿಸೆಂಬರ್ ಕೊನೆಯ ವಾರ ಚೀನಾದ ವೂಹಾನ್‌ನಲ್ಲಿ ಶ್ವಾಸಕೋಶ ತಜ್ಞೆ ಜಾಂಗ್ ಜಿಶಿಯಾನ್ ಅವರ ಬಳಿ ವಯಸ್ಸಾದ ದಂಪತಿ ಜ್ವರ, ಕೆಮ್ಮು ಎಂದು ಬಂದರು. ಸಿಟಿ ಸ್ಕ್ಯಾನ್‌ನಲ್ಲಿ ಇಬ್ಬರ ಶ್ವಾಸಕೋಶದಲ್ಲೂ ಮಾಮೂಲಿ ನ್ಯುಮೋನಿಯಾಕ್ಕೆ ಹೊಂದದ ಮಬ್ಬು ಕಂಡಿತು. ಅವರ ಮಗನಿಗೆ ಜ್ವರವೂ ಇಲ್ಲ, ಕೆಮ್ಮೂ ಇಲ್ಲ. ಆದರೂ ಜಾಂಗ್ ಅವನಿಗೂ ಸ್ಕ್ಯಾನ್ ಮಾಡಿಸಿದರು. ಅವನಲ್ಲೂ ಅದೇ ಮಬ್ಬು! ಒಂದೇ ಮನೆಯ ಮೂವರಿಗೆ ಒಟ್ಟಿಗೆ ಬಂದ ಕಾಯಿಲೆ ಅಂಟುರೋಗ ಇರಬಹುದೆಂದು ಅವರಿಗೆ ಅನುಮಾನ ಬಂತು. 27ರಂದು ವರದಿ ಮಾಡಿದರು. 31ರಂದು ನಗರದ ಆರೋಗ್ಯ ಆಯೋಗ 27 ರೋಗಿಗಳ ವಿಷಯ ಪ್ರಕಟಿಸಿತು.

ಆ ಮಗನನ್ನು ನೆನಪಿಡಿ. ಮುಂದೆ ಎಡವಿದ್ದೆಲ್ಲ ಅವನಂಥವರ ವಿಷಯದಲ್ಲೇ.

ಎಲ್ಲರ ಕಣ್ಣು ಹುವಾನಾನ್ ಮೀನು ಮಾರುಕಟ್ಟೆಯ ಮೇಲೆ ಬಿತ್ತು. ಜನವರಿ 1ರಂದು ಅದನ್ನು ಮುಚ್ಚಿದರು. ಆದರೆ ಆಸ್ಪತ್ರೆ ಸೇರಿದ ಮೊದಲ 41 ರೋಗಿಗಳಲ್ಲಿ ಮಾರುಕಟ್ಟೆಯ ನಂಟು ಇದ್ದದ್ದು 27 ಮಂದಿಗೆ. ಉಳಿದ 14 ಮಂದಿಗೆ ಇರಲಿಲ್ಲ. ಯಾರನ್ನು ಪರೀಕ್ಷಿಸಬೇಕೆಂಬ ಆರಂಭದ ಮಾನದಂಡಗಳು ಮಾರುಕಟ್ಟೆಯ ನಂಟಿಗೋ ವೂಹಾನ್ ಪ್ರಯಾಣಕ್ಕೋ ಒತ್ತು ಕೊಟ್ಟವು. ಅಂಥ ಮಾನದಂಡ ಇಟ್ಟುಕೊಂಡರೆ ಹೊರಗಿನವರ ಪರೀಕ್ಷೆಯೇ ಆಗುವುದಿಲ್ಲ. ಪರೀಕ್ಷೆ ಆಗದಿದ್ದರೆ ಹೊರಗೆ ರೋಗವೇ ಇಲ್ಲವೆಂದು ಲೆಕ್ಕ ತೋರಿಸುತ್ತದೆ. ಹೊಸ ರೋಗದ ಪತ್ತೆಯಲ್ಲಿ ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆಂದು ಬಹಿರಂಗವಾಗಿ ಒಪ್ಪಿದ್ದು ಜನವರಿ 20ಕ್ಕೆ.

ಪ್ರಯೋಗಾಲಯ ಮಾತ್ರ ಬಹಳ ವೇಗವಾಗಿ ಓಡಿತು. ವೈರಾಣುವಿನ ಆನುವಂಶಿಕ ಬರಹವಾದ, ಸುಮಾರು 30,000 ಅಕ್ಷರಗಳ ಆರ್‌ಎನ್‌ಎ ವಿವರ ಜನವರಿ 11ರಂದು ಎಲ್ಲರಿಗೂ ಸಿಕ್ಕಿತು. ಕೆಲವೇ ದಿನಗಳಲ್ಲಿ ಬರ್ಲಿನ್‌ನ ವಿಜ್ಞಾನಿಗಳು ಪಿಸಿಆರ್ ಪರೀಕ್ಷೆಯ ವಿಧಾನ ಸಿದ್ಧಪಡಿಸಿದರು. ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಗೆ ಬದಲಿಸಿ, ಅದರ ಒಂದು ತುಣುಕನ್ನು ಪ್ರತಿ ಸುತ್ತಿನಲ್ಲೂ ದುಪ್ಪಟ್ಟು ಮಾಡುತ್ತ ಹೋಗುವುದು ಈ ಪರೀಕ್ಷೆಯ ಗುಟ್ಟು. ಲೆಕ್ಕದ ಪ್ರಕಾರ 30 ಸುತ್ತಿಗೆ ಒಂದು ತುಣುಕು 100 ಕೋಟಿ ದಾಟುತ್ತದೆ.

ಆದರೆ ಮೂಗಿನಿಂದ ಮಾದರಿ ತೆಗೆಯುವ ಕಡ್ಡಿಗೆ ವೈರಾಣು ಅಂಟಿಯೇ ಇಲ್ಲದಿದ್ದರೆ ಎಷ್ಟು ಸುತ್ತು ತಿರುಗಿಸಿಯೂ ಪ್ರಯೋಜನವಿಲ್ಲ. ಮೂಗಿನ ಕಡ್ಡಿಯನ್ನು ಮೇಲ್ಮುಖವಾಗಿ ತೂರಿಸಬಾರದು. ಅಂಗುಳಿಗೆ ಸಮಾನಾಂತರವಾಗಿ, ನೇರ ಹಿಂದಕ್ಕೆ, ತಡೆ ಸಿಗುವವರೆಗೆ ಒಯ್ಯಬೇಕು. ಅಲ್ಲಿ ಕೆಲವು ಸೆಕೆಂಡು ಬಿಟ್ಟು, ನಿಧಾನಕ್ಕೆ ತಿರುಗಿಸಿ ತೆಗೆಯಬೇಕು. ಮರದ ಕಡ್ಡಿಯ ಹತ್ತಿ ಬೇಡ, ಅದರಲ್ಲಿನ ಅಂಶಗಳು ಪರೀಕ್ಷೆಗೆ ಅಡ್ಡಿ ಮಾಡಬಹುದು; ನೈಲಾನ್ ಇಲ್ಲವೇ ಡೇಕ್ರಾನ್ (ಪಾಲಿಯೆಸ್ಟರ್ ನೂಲು) ತುದಿಯ ಪ್ಲಾಸ್ಟಿಕ್ ಕಡ್ಡಿ ಬೇಕು. ತುದಿಯನ್ನು ವೈರಾಣು ಕೆಡದಂತೆ ಕಾಪಾಡುವ ದ್ರಾವಣದಲ್ಲಿ ಮುರಿದು ಹಾಕಿ, ಮೂರು ಪದರದ ಪೊಟ್ಟಣದಲ್ಲಿ 2ರಿಂದ 8 ಡಿಗ್ರಿ ತಂಪಿನಲ್ಲಿ ಕಳಿಸಬೇಕು. ಇಷ್ಟಾಗಿಯೂ ಸೋಂಕು ತಗಲಿದ ಮೊದಲ ಒಂದೆರಡು ದಿನ ತೆಗೆದ ಮಾದರಿಯಲ್ಲಿ ವೈರಾಣು ಸಿಗದೇ ಹೋಗಬಹುದು.

ವಿಮಾನ ನಿಲ್ದಾಣಗಳಲ್ಲಿ ಹಣೆಯ ಬಿಸಿ ನೋಡಿದರು. ವೂಹಾನ್‌ನಿಂದ ಬಂದ ಒಬ್ಬ ಮಹಿಳೆ ಥಾಯ್ಲೆಂಡ್‌ನಲ್ಲಿ ಸಿಕ್ಕಿದ್ದು ಹಾಗೆಯೇ. ಚೀನಾದ ಹೊರಗೆ ದೃಢಪಟ್ಟ ಮೊದಲ ಪ್ರಕರಣ ಅದು. ಆದರೆ ಆಗಿನ ವೈರಾಣು ತಗಲಿದವರಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5-6 ದಿನ, ಕೆಲವರಿಗೆ 14 ದಿನದವರೆಗೂ ಹಿಡಿಯುತ್ತಿತ್ತು. ಅದಕ್ಕೂ ಮುಂಚೆಯೇ ಇನ್ನೊಬ್ಬರಿಗೆ ಅಂಟಿಸಬಲ್ಲರು. ಆ ಮಗನಂಥವರು ಇಳಿದು ಬಂದರೆ ಯಾವ ಥರ್ಮಾಮೀಟರ್ ತಡೆಯಬಲ್ಲದು?

ಜನವರಿ 30ರಂದು ಭಾರತದ ಮೊದಲ ಪ್ರಕರಣ ಕೇರಳದಲ್ಲಿ ದೃಢವಾಯಿತು, ವೂಹಾನ್‌ನಿಂದ ಮರಳಿದ ವಿದ್ಯಾರ್ಥಿನಿಯಲ್ಲಿ. ನಮ್ಮ ಕಲಬುರಗಿಗೆ ಬಂದದ್ದು ಬೇರೆ ದಾರಿಯಿಂದ. ಸೌದಿ ಅರೇಬಿಯಾದಿಂದ ಫೆಬ್ರವರಿ 29ರಂದು ಮರಳಿದ 76 ವರ್ಷದ ಹಿರಿಯರ ಮಾದರಿಯನ್ನು ಬೆಂಗಳೂರಿಗೆ ಕಳಿಸಬೇಕಾಯಿತು. ಮಾರ್ಚ್ 10ರಂದು ಅವರು ತೀರಿಕೊಂಡರು. 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗು ಎಂದಿತು. ಸೋಂಕು ಇತ್ತೆಂಬ ಫಲಿತಾಂಶ ಬಂದದ್ದು 12ಕ್ಕೆ. ಅದು ದೇಶದ ಮೊದಲ ಕೋವಿಡ್ ಸಾವು. ಮುಂದಿನ ಕೆಲವೇ ದಿನಗಳಲ್ಲಿ, ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರೊಬ್ಬರಲ್ಲೂ ಸೋಂಕು ದೃಢಪಟ್ಟಿತು.