ಬ್ಯಾಂಕ್ ಮುಚ್ಚುವ ಮೊದಲೇ ನಷ್ಟ ಹೊರುವವರು: ಅಧೀನ ಸಾಲ ಮತ್ತು ಬಂಡವಾಳ ಪತ್ರಗಳು

ಮಾನ್ಯ ಸಭಿಕರೇ,

ಯಾವುದೇ ದೊಡ್ಡ ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಹೊಣೆಗಾರಿಕೆಗಳ ಪಟ್ಟಿಯನ್ನು ನೋಡಿದರೆ, ಠೇವಣಿಗಳು, ಇತರ ಬ್ಯಾಂಕುಗಳಿಂದ ಪಡೆದ ಸಾಲ, ಸಾಮಾನ್ಯ ಬಾಂಡುಗಳು ಇವೆಲ್ಲ ಮುಗಿದ ಮೇಲೆ ‘ಅಧೀನ ಸಾಲ’ ಎಂಬ ಒಂದು ಸಾಲು ಕಾಣುತ್ತದೆ. ಠೇವಣಿಗಳ ಪಕ್ಕದಲ್ಲಿಟ್ಟು ನೋಡಿದರೆ ಅದರ ಮೊತ್ತ ಬಹಳ ಚಿಕ್ಕದು. ಆದರೆ ಬ್ಯಾಂಕ್ ಸಂಕಷ್ಟಕ್ಕೆ ಸಿಲುಕಿದ ದಿನ ನಿಯಂತ್ರಕರೂ ವಕೀಲರೂ ಹೂಡಿಕೆದಾರರೂ ಮೊದಲು ಬಿಡಿಸಿ ಓದುವುದು ಆ ಸಾಲಿನ ಹಿಂದಿರುವ ಷರತ್ತುಗಳನ್ನೇ. ಆ ಷರತ್ತುಗಳು ಹೇಗೆ ಹುಟ್ಟಿದವು, ಏಕೆ ಬದಲಾದವು ಮತ್ತು ಪರೀಕ್ಷೆಯ ಹೊತ್ತಿನಲ್ಲಿ ಹೇಗೆ ನಡೆದುಕೊಂಡವು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಅಧೀನ ಸಾಲವೆಂದರೆ, ಬ್ಯಾಂಕನ್ನು ಮುಚ್ಚಿ ಅದರ ಆಸ್ತಿಯನ್ನು ಮಾರಿ ಬಂದ ಹಣವನ್ನು ಹಂಚುವಾಗ, ಠೇವಣಿದಾರರಿಗೂ ಸಾಮಾನ್ಯ ಸಾಲ ಕೊಟ್ಟವರಿಗೂ ಪೂರ್ತಿ ಸಂದಾಯವಾದ ಬಳಿಕವೇ ತನ್ನ ಸರದಿ ಬರಲಿ ಎಂದು ಸಾಲ ಕೊಟ್ಟವನು ಮೊದಲೇ ಒಪ್ಪಿಕೊಂಡ ಸಾಲ. ಅವನ ಹಿಂದೆ ಉಳಿಯುವವರು ಷೇರುದಾರರು ಮಾತ್ರ. ಹಿಂದೆ ನಿಲ್ಲಲು ಒಪ್ಪಿದ್ದಕ್ಕೆ ಪ್ರತಿಫಲವಾಗಿ ಅವನಿಗೆ ಹೆಚ್ಚಿನ ಬಡ್ಡಿ ಸಿಗುತ್ತದೆ. ಬ್ಯಾಂಕಿಗಾದರೋ ಹೊಸ ಷೇರು ಹಂಚಿ ಹಳೆಯ ಷೇರುದಾರರ ಪಾಲನ್ನು ತೆಳುವಾಗಿಸದೆ ಬಂಡವಾಳದಂತಹ ಹಣ ದೊರೆಯುತ್ತದೆ. ಜೊತೆಗೆ, ಅನೇಕ ದೇಶಗಳಲ್ಲಿ ಬಡ್ಡಿಯನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸಬಹುದು, ಲಾಭಾಂಶಕ್ಕೆ ಆ ಸೌಲಭ್ಯವಿಲ್ಲ. ಈ ತೆರಿಗೆಯ ಲೆಕ್ಕ ಇಲ್ಲದಿದ್ದರೆ ಈ ಪತ್ರಗಳ ಪೇಟೆ ಇಷ್ಟು ದೊಡ್ಡದಾಗಿ ಬೆಳೆಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಲವು ದೇಶಗಳ ಬ್ಯಾಂಕ್ ನಿಯಂತ್ರಕರು ಸೇರಿರುವ ಬಾಸೆಲ್ ಸಮಿತಿ ರೂಪಿಸಿದ 1988ರ ಮೊದಲ ಬಾಸೆಲ್ ಒಪ್ಪಂದ, ಬ್ಯಾಂಕುಗಳು ಅಪಾಯ ಹೆಚ್ಚಿದ್ದಷ್ಟು ಹೆಚ್ಚು ತೂಕ ಹಾಕಿ ಲೆಕ್ಕಿಸಿದ ಆಸ್ತಿಯ ಶೇ 8ರಷ್ಟು ಬಂಡವಾಳ ಇಟ್ಟುಕೊಳ್ಳಬೇಕೆಂದು ಹೇಳಿತು. ಅದರಲ್ಲಿ ಅರ್ಧ, ಮುಖ್ಯವಾಗಿ ಷೇರು ಹಣವಿರುವ ಮೊದಲ ಶ್ರೇಣಿಯದು, ಅಂದರೆ ಟಿಯರ್ 1. ಉಳಿದರ್ಧ ಎರಡನೆಯ ಶ್ರೇಣಿಯದಾಗಿರಬಹುದು, ಅಂದರೆ ಟಿಯರ್ 2. ಅಧೀನ ಸಾಲ ಎರಡನೆಯದಕ್ಕೆ ಸೇರಿತು. ಮೊದಲ ಶ್ರೇಣಿಯೊಳಗೂ ಸಾಲದ ಗುಣವಿರುವ ಪತ್ರಗಳನ್ನು ಸೇರಿಸುವ ಪ್ರಯತ್ನ ಬೇಗನೆ ಶುರುವಾಯಿತು. 1996ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್, ಟ್ರಸ್ಟ್ ಮೂಲಕ ಹೊರಡಿಸಿದ, ಷೇರುದಾರರಿಗಿಂತ ಮೊದಲು ಪ್ರತಿಫಲ ಪಡೆಯುವ ಆದ್ಯತಾ ಪತ್ರಗಳನ್ನು ಟಿಯರ್ 1 ಲೆಕ್ಕಕ್ಕೆ ತೆಗೆದುಕೊಳ್ಳಲು ಒಪ್ಪಿತು. 1998ರಲ್ಲಿ ಬಾಸೆಲ್ ಸಮಿತಿಯು ಇಂತಹ ‘ನವೀನ’ ಪತ್ರಗಳು ಟಿಯರ್ 1 ಬಂಡವಾಳದ ಶೇ 15ನ್ನು ಮೀರಬಾರದೆಂದು ಮಿತಿ ಹಾಕಿತು. ಮಿತಿ ಹಾಕಿದ್ದು ನಿರ್ಬಂಧದಂತೆ ಕಂಡರೂ, ಅಷ್ಟರವರೆಗೆ ಅವು ಬಂಡವಾಳವೇ ಎಂಬ ಮನ್ನಣೆಯೂ ಅದರಲ್ಲೇ ಅಡಗಿತ್ತು.

2008ರ ಬಿಕ್ಕಟ್ಟು ಈ ಇಡೀ ಏರ್ಪಾಡಿನ ಮೂಲ ದೋಷವನ್ನು ಬಯಲಿಗೆಳೆಯಿತು. ಅಧೀನ ಸಾಲದ ಷರತ್ತು ಜಾರಿಗೆ ಬರುವುದು ಬ್ಯಾಂಕ್ ಸಮಾಪನೆಗೊಂಡಾಗ, ಅಂದರೆ ಅದನ್ನು ಮುಚ್ಚಿ ಆಸ್ತಿ ಹಂಚುವಾಗ. ಆದರೆ ದೊಡ್ಡ ಬ್ಯಾಂಕನ್ನು ಯಾವ ಸರ್ಕಾರವೂ ಸಮಾಪನೆಗೆ ಬಿಡಲು ಧೈರ್ಯ ಮಾಡುವುದಿಲ್ಲ. ಖಜಾನೆಯಿಂದ ಹಣ ಹಾಕಿ ಬ್ಯಾಂಕನ್ನು ಉಳಿಸಿದಾಗ, ನಷ್ಟ ಹೊರುತ್ತೇನೆಂದು ಬರೆದುಕೊಟ್ಟು ವರ್ಷಗಟ್ಟಲೆ ಹೆಚ್ಚಿನ ಬಡ್ಡಿ ಪಡೆದಿದ್ದ ಅಧೀನ ಸಾಲ ಕೊಟ್ಟವನಿಗೆ, ಹಲವು ಪ್ರಕರಣಗಳಲ್ಲಿ, ಅಸಲು ಬಡ್ಡಿ ಎರಡೂ ಸಲ್ಲುತ್ತಲೇ ಹೋದವು. ನಷ್ಟ ಹೊತ್ತವರು ತೆರಿಗೆದಾರರು. ಕಾಗದದ ಮೇಲೆ ಬಂಡವಾಳವಾಗಿದ್ದದ್ದು ಬೇಕಾದ ಹೊತ್ತಿಗೆ ಬರೀ ಸಾಲವಾಗಿಬಿಟ್ಟಿತ್ತು.

ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ನಷ್ಟದ ಕ್ಷಣವನ್ನು ಸಮಾಪನೆಯಿಂದ ಹಿಂದಕ್ಕೆ, ಬ್ಯಾಂಕ್ ಇನ್ನೂ ಬಾಗಿಲು ತೆರೆದಿರುವ ಹಂತಕ್ಕೆ ತರುವುದು. 2009ರ ನವೆಂಬರಿನಲ್ಲಿ ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕಿಂಗ್ ಗ್ರೂಪ್ ತನ್ನ ಹಳೆಯ ಪತ್ರಗಳನ್ನು, ಬಂಡವಾಳ ನಿಗದಿತ ಮಟ್ಟಕ್ಕಿಂತ ಕುಸಿದರೆ ತಾವಾಗಿಯೇ ಷೇರುಗಳಾಗುವ ಹೊಸ ಪತ್ರಗಳಿಗೆ ಬದಲಾಯಿಸಿಕೊಳ್ಳಲು ಮುಂದಾಯಿತು. 2010ರ ಡಿಸೆಂಬರಿನಲ್ಲಿ ಪ್ರಕಟವಾದ ಮೂರನೆಯ ಬಾಸೆಲ್ ಒಪ್ಪಂದ ಈ ಆಲೋಚನೆಯನ್ನು ನಿಯಮವಾಗಿಸಿತು. 2011ರ ಜನವರಿಯಲ್ಲಿ ಸಮಿತಿ ಇನ್ನೊಂದು ಷರತ್ತು ಸೇರಿಸಿತು: ಬ್ಯಾಂಕ್ ತನ್ನ ಕಾಲ ಮೇಲೆ ತಾನು ನಿಲ್ಲಲಾಗದ ಹಂತಕ್ಕೆ ಬಂದಿದೆ ಎಂದು ಅಧಿಕಾರಿಗಳು ತೀರ್ಮಾನಿಸಿದರೆ, ಟಿಯರ್ 2 ಸೇರಿದಂತೆ ಷೇರೇತರ ಬಂಡವಾಳ ಪತ್ರಗಳೆಲ್ಲ ರದ್ದಾಗಬೇಕು ಅಥವಾ ಷೇರುಗಳಾಗಬೇಕು.

ಈಗಿನ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಪಾಯ ತೂಕದ ಆಸ್ತಿ 1,000 ಕೋಟಿಯಷ್ಟಿರುವ ಒಂದು ಬ್ಯಾಂಕನ್ನು ಊಹಿಸಿಕೊಳ್ಳಿ. ಬಾಸೆಲ್ ಕನಿಷ್ಠದ ಪ್ರಕಾರ ಅದಕ್ಕೆ 45 ಕೋಟಿ ಅಪ್ಪಟ ಷೇರು ಬಂಡವಾಳ ಬೇಕು. ಅದರ ಮೇಲೆ 15 ಕೋಟಿಯವರೆಗೆ ಹೆಚ್ಚುವರಿ ಟಿಯರ್ 1, ಅಂದರೆ ಪೇಟೆಯಲ್ಲಿ ಎಟಿ1 ಎಂದು ಕರೆಯುವ ಪತ್ರಗಳಿರಬಹುದು. 20 ಕೋಟಿಯವರೆಗೆ ಟಿಯರ್ 2 ಇರಬಹುದು. ಇದಲ್ಲದೆ 25 ಕೋಟಿಯ ರಕ್ಷಣಾ ಬಂಡವಾಳವನ್ನು ಷೇರಿನ ರೂಪದಲ್ಲೇ ಇಡಬೇಕು. ಈ ಬ್ಯಾಂಕಿನ ಬಳಿ 70 ಕೋಟಿ ಷೇರು ಬಂಡವಾಳ, 15 ಕೋಟಿ ಎಟಿ1, 20 ಕೋಟಿ ಟಿಯರ್ 2 ಇದೆ ಎನ್ನೋಣ. 5 ಕೋಟಿ ನಷ್ಟವಾದರೂ ಸಾಕು, ಅದು ರಕ್ಷಣಾ ಬಂಡವಾಳದೊಳಗೆ ಕಾಲಿಟ್ಟಂತೆ. ಆಗಿನಿಂದಲೇ ಲಾಭಾಂಶ ಮತ್ತು ಎಟಿ1 ಬಡ್ಡಿಯ ವಿತರಣೆಗೆ ಕಡಿವಾಣ ಬೀಳತೊಡಗುತ್ತದೆ. ನಷ್ಟ 30 ಕೋಟಿಗೆ ಏರಿ ಷೇರು ಬಂಡವಾಳ 40 ಕೋಟಿಗೆ, ಅಂದರೆ ಶೇ 4ಕ್ಕೆ ಇಳಿದರೆ, ಅದು ಶೇ 5.125 ಎಂಬ ಕನಿಷ್ಠ ಪ್ರಚೋದಕ ಮಟ್ಟಕ್ಕಿಂತ, ಅಂದರೆ ಎಟಿ1 ಪತ್ರಗಳು ರದ್ದಾಗಬೇಕಾದ ಅಥವಾ ಷೇರುಗಳಾಗಬೇಕಾದ ಮಟ್ಟಕ್ಕಿಂತ ಕೆಳಗೆ ಹೋಯಿತು. ಆಗ 15 ಕೋಟಿಯ ಎಟಿ1 ಪತ್ರಗಳನ್ನು ಪೂರ್ತಿ ರದ್ದು ಮಾಡಿದರೆ ಷೇರು ಬಂಡವಾಳ 55 ಕೋಟಿಯಾಗುತ್ತದೆ. ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಒಂದಿದೆ: ಬ್ಯಾಂಕಿನ ಪೆಟ್ಟಿಗೆಗೆ ಹೊಸದಾಗಿ ಬಿಡಿಗಾಸೂ ಬಂದಿಲ್ಲ. ಕೊಡಬೇಕಾಗಿದ್ದದ್ದು ಕೊಡಬೇಕಿಲ್ಲ ಎಂದಾಯಿತು, ಅಷ್ಟೇ. ಠೇವಣಿದಾರರು ಹಣ ವಾಪಸು ಕೇಳಲು ಸಾಲುಗಟ್ಟಿ ನಿಂತಿದ್ದರೆ ಈ ರದ್ದತಿಯಿಂದ ಅವರಿಗೆ ಕೊಡಲು ನಗದು ಹುಟ್ಟುವುದಿಲ್ಲ.

ಎಟಿ1 ಪತ್ರಕ್ಕೆ ಮುಕ್ತಾಯದ ದಿನಾಂಕವಿಲ್ಲ. ಕನಿಷ್ಠ ಐದು ವರ್ಷ ಕಳೆದ ಮೇಲೆ, ನಿಯಂತ್ರಕರ ಅನುಮತಿ ಪಡೆದು, ಬ್ಯಾಂಕ್ ಬೇಕಿದ್ದರೆ ಹಣ ಹಿಂತಿರುಗಿಸಬಹುದು; ಹಿಂತಿರುಗಿಸು ಎಂದು ಕೇಳುವ ಹಕ್ಕು ಹೂಡಿಕೆದಾರನಿಗಿಲ್ಲ. ಬಡ್ಡಿ ಕೊಡುವುದೂ ಬಿಡುವುದೂ ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು, ತಪ್ಪಿಸಿದ ಬಡ್ಡಿ ಮುಂದಕ್ಕೆ ಬಾಕಿಯಾಗಿ ಉಳಿಯುವುದಿಲ್ಲ, ಹಾಗೆ ತಪ್ಪಿಸಿದ್ದನ್ನು ಸುಸ್ತಿ ಎಂದು ಯಾವ ನ್ಯಾಯಾಲಯದಲ್ಲೂ ವಾದಿಸುವಂತಿಲ್ಲ. ಇಷ್ಟೆಲ್ಲ ಇದ್ದೂ ಇದನ್ನು ಬಾಂಡ್ ಎಂದು ಕರೆಯುವುದು ಪೇಟೆಯ ಔದಾರ್ಯ. ಟಿಯರ್ 2 ಪತ್ರ ಇದಕ್ಕಿಂತ ಸಾಲದ ಸ್ವಭಾವಕ್ಕೆ ಹತ್ತಿರ: ಕನಿಷ್ಠ ಐದು ವರ್ಷದ ಅವಧಿ ಇರುತ್ತದೆ, ಬಡ್ಡಿ ಕಡ್ಡಾಯ. ಆದರೆ ಕೊನೆಯ ಐದು ವರ್ಷಗಳಲ್ಲಿ ಪ್ರತಿ ವರ್ಷ ಅದರ ಮೊತ್ತದ ಐದರಲ್ಲಿ ಒಂದು ಭಾಗ ಬಂಡವಾಳದ ಲೆಕ್ಕದಿಂದ ಕಳಚಿಕೊಳ್ಳುತ್ತದೆ. ಹತ್ತು ವರ್ಷದ ಪತ್ರವನ್ನು ಐದನೆಯ ವರ್ಷಕ್ಕೆ ಮರುಪಾವತಿಸುವ ಹಕ್ಕಿನೊಂದಿಗೆ ಬ್ಯಾಂಕುಗಳು ಹೊರಡಿಸುವುದು ಇದೇ ಕಾರಣಕ್ಕೆ. ಆ ಬಳಿಕ ಪೂರ್ತಿ ಬಡ್ಡಿ ಕೊಡುತ್ತ ಅರೆಬರೆ ಬಂಡವಾಳ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಹಿಂತಿರುಗಿಸುವ ಹಕ್ಕು ಬ್ಯಾಂಕಿನದು ಎಂಬ ಷರತ್ತನ್ನು ಪೇಟೆ ಮರೆಯುತ್ತಲೇ ಇರುತ್ತದೆ. ಮೊದಲ ಅವಕಾಶದಲ್ಲೇ ಹಣ ಬರುತ್ತದೆಂಬ ನಂಬಿಕೆಯ ಮೇಲೆ ಬೆಲೆ ಕಟ್ಟುವುದು ರೂಢಿ. 2008ರ ಡಿಸೆಂಬರಿನಲ್ಲಿ ಡಾಯ್ಚ ಬ್ಯಾಂಕ್ 100 ಕೋಟಿ ಯೂರೊ ಅಧೀನ ಸಾಲವನ್ನು ಹಿಂತಿರುಗಿಸದೆ ಮುಂದುವರಿಸಿದಾಗ ಪೇಟೆ ಬೆಚ್ಚಿತು. 2019ರ ಫೆಬ್ರುವರಿಯಲ್ಲಿ ಸ್ಪೇನಿನ ಸ್ಯಾಂಟಂಡೇರ್ ಬ್ಯಾಂಕ್ 150 ಕೋಟಿ ಯೂರೊ ಎಟಿ1 ಪತ್ರಗಳ ವಿಷಯದಲ್ಲಿ ಅದನ್ನೇ ಮಾಡಿತು. ಎರಡೂ ಸಲ ಬ್ಯಾಂಕುಗಳು ಷರತ್ತನ್ನು ಮುರಿದಿರಲಿಲ್ಲ, ಬಳಸಿಕೊಂಡಿದ್ದವು.

ಇನ್ನು ರದ್ದತಿಯ ವಿಷಯ. 2017ರ ಜೂನ್ 7ರಂದು ಸ್ಪೇನಿನ ಬ್ಯಾಂಕೊ ಪಾಪ್ಯುಲರ್ ಅನ್ನು ಕುಸಿಯುವ ಬ್ಯಾಂಕುಗಳನ್ನು ನಿಭಾಯಿಸುವ ಯೂರೋಪಿನ ಮಂಡಳಿ ವಶಕ್ಕೆ ತೆಗೆದುಕೊಂಡಿತು. ಷೇರುಗಳು ಪೂರ್ತಿ ರದ್ದಾದವು. ಎಟಿ1 ಪತ್ರಗಳೂ ಹೋದವು. ಟಿಯರ್ 2 ಪತ್ರಗಳು ಹೊಸ ಷೇರುಗಳಾದವು, ಆ ಷೇರುಗಳನ್ನು ಸ್ಯಾಂಟಂಡೇರ್ ಒಂದು ಯೂರೊಗೆ ಕೊಂಡಿತು. ಸಾಮಾನ್ಯ ಬಾಂಡುದಾರರಿಗೂ ಠೇವಣಿದಾರರಿಗೂ ಏನೂ ಆಗಲಿಲ್ಲ. ನಷ್ಟ ಬಹಳ, ಆದರೆ ಸರದಿ ಕಟ್ಟುನಿಟ್ಟು. ಪಠ್ಯದಲ್ಲಿ ಬರೆದಂತೆಯೇ ನಡೆದ ಪ್ರಕರಣವೆಂದು ಇದನ್ನು ಧಾರಾಳವಾಗಿ ಹೇಳಬಹುದು.

2023ರ ಮಾರ್ಚ್ 19ರ ಭಾನುವಾರ ನಡೆದದ್ದು ಹಾಗಲ್ಲ. ಸಂಕಷ್ಟದಲ್ಲಿದ್ದ ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಬ್ಯಾಂಕನ್ನು ಅಲ್ಲಿನದೇ ಯುಬಿಎಸ್ ಬ್ಯಾಂಕ್ ಸುಮಾರು 300 ಕೋಟಿ ಫ್ರಾಂಕ್ ಬೆಲೆಗೆ ಕೊಳ್ಳುವುದೆಂದು ತೀರ್ಮಾನವಾಯಿತು. ಆ ಬೆಲೆ ಯುಬಿಎಸ್ ಷೇರುಗಳ ರೂಪದಲ್ಲಿ ಷೇರುದಾರರ ಕೈ ಸೇರಿತು. ಅದೇ ದಿನ ಸ್ವಿಸ್ ನಿಯಂತ್ರಕ ಸಂಸ್ಥೆಯಾದ ಫಿನ್ಮಾದ ಆದೇಶದಂತೆ ಸುಮಾರು 1,600 ಕೋಟಿ ಫ್ರಾಂಕ್ ಮೊತ್ತದ ಎಟಿ1 ಪತ್ರಗಳು ಸೊನ್ನೆಯಾದವು. ಸರದಿಯಲ್ಲಿ ಹಿಂದಿದ್ದವರಿಗೆ ಸ್ವಲ್ಪವಾದರೂ ಸಿಕ್ಕಿತು, ಮುಂದಿದ್ದವರಿಗೆ ಏನೂ ಸಿಗಲಿಲ್ಲ. 2022ರ ಕೊನೆಗೆ ಆ ಬ್ಯಾಂಕಿನ ಷೇರು ಬಂಡವಾಳದ ಪ್ರಮಾಣ ಶೇ 14.1 ಇತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಅಂಕಿಯ ಪ್ರಚೋದಕ ಹತ್ತಿರದಲ್ಲೂ ಇರಲಿಲ್ಲ. ಹೊರಡಿಸಿದಾಗಿನ ಕರಾರಿನಲ್ಲಿ, ಸರ್ಕಾರದ ಅಸಾಧಾರಣ ನೆರವು ದೊರೆತರೆ ಪತ್ರಗಳು ಪೂರ್ತಿ ರದ್ದಾಗುತ್ತವೆ ಎಂಬ ಷರತ್ತಿತ್ತು. ಆ ನೆರವು ದೊರೆಯಿತು, ಆದ್ದರಿಂದ ಷರತ್ತು ಜಾರಿಗೆ ಬಂತು ಎಂಬುದು ಫಿನ್ಮಾದ ನಿಲುವು. ಮರುದಿನವೇ ಯೂರೋಪಿನ ಕೇಂದ್ರ ಬ್ಯಾಂಕ್ ಮತ್ತು ಅಲ್ಲಿನ ಇತರ ನಿಯಂತ್ರಕರು, ತಮ್ಮಲ್ಲಿ ಷೇರುಗಳೇ ಮೊದಲು ನಷ್ಟ ಹೊರುತ್ತವೆ, ಆನಂತರವೇ ಎಟಿ1 ಎಂದು ಹೇಳಿಕೆ ಕೊಡಬೇಕಾಯಿತು.

ಸ್ವಿಟ್ಜರ್ಲೆಂಡಿನ ಫೆಡರಲ್ ಆಡಳಿತ ನ್ಯಾಯಾಲಯ 2025ರ ಅಕ್ಟೋಬರಿನಲ್ಲಿ ಕೊಟ್ಟ ಭಾಗಶಃ ತೀರ್ಪಿನಲ್ಲಿ ಆ ರದ್ದತಿ ಕಾನೂನುಬಾಹಿರವೆಂದಿತು. ದೊರೆತ ನೆರವು ನಗದಿನ ಕೊರತೆ ನೀಗಿಸುವಂಥದ್ದೇ ಹೊರತು ಬಂಡವಾಳ ತುಂಬುವಂಥದ್ದಲ್ಲ ಎಂಬುದು ಅದರ ತರ್ಕದ ಮುಖ್ಯ ಎಳೆ. ಫಿನ್ಮಾ ಮೇಲ್ಮನವಿಗೆ ಹೋಯಿತು. ಭಾರತದಲ್ಲೂ ಇದಕ್ಕೆ ಹೋಲುವ ವ್ಯಾಜ್ಯ ಅದಕ್ಕೂ ಮೊದಲೇ ಎದ್ದಿತ್ತು: 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕಿನ ₹8,415 ಕೋಟಿ ಎಟಿ1 ಪತ್ರಗಳನ್ನು ರದ್ದುಗೊಳಿಸಲಾಯಿತು, ಷೇರುಗಳು ಉಳಿದವು. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಬ್ಯಾಂಕಿನ ಆಡಳಿತಾಧಿಕಾರಿಗೆ ಆ ಅಧಿಕಾರವಿರಲಿಲ್ಲವೆಂದು ರದ್ದತಿಯನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಈ ವ್ಯಾಜ್ಯಗಳನ್ನು ಬರಿಯ ಕಾನೂನಿನ ಕೂದಲು ಸೀಳಾಟವೆಂದು ನಾನು ನೋಡುವುದಿಲ್ಲ. ಸಮಾಪನೆಯಲ್ಲಿ ಸರದಿಯನ್ನು ಕಾಯಲು ನ್ಯಾಯಾಲಯವಿರುತ್ತದೆ, ಆಸ್ತಿ ಎಷ್ಟೆಂದು ಲೆಕ್ಕ ಹಾಕಲು ವರ್ಷಗಳ ಕಾಲಾವಕಾಶವಿರುತ್ತದೆ. ಜೀವಂತ ಬ್ಯಾಂಕಿನಲ್ಲಿ ಅದೆಲ್ಲ ಒಂದು ಶನಿವಾರ, ಒಂದು ಭಾನುವಾರದಲ್ಲಿ, ಸೋಮವಾರ ಪೇಟೆ ತೆರೆಯುವ ಮೊದಲು ಮುಗಿಯಬೇಕು. ನಷ್ಟವನ್ನು ಮುಂಚಿತವಾಗಿ ಹೊರಿಸುವ ಅನುಕೂಲ ಬೇಕೆಂದರೆ, ಸರದಿಯ ಭದ್ರತೆ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಆಗ ಹೂಡಿಕೆದಾರನ ಗತಿಯನ್ನು ನಿರ್ಧರಿಸುವುದು ಅವನ ಸ್ಥಾನಕ್ಕಿಂತ ಹೆಚ್ಚಾಗಿ ಕರಾರಿನ ಒಂದೆರಡು ವಾಕ್ಯಗಳು ಮತ್ತು ಅವುಗಳಿಗೆ ನಿಯಂತ್ರಕರು ಆ ರಾತ್ರಿ ಮಾಡುವ ಅರ್ಥ.

ಇಂತಹ ಪತ್ರಗಳನ್ನು ಸಾಮಾನ್ಯ ಉಳಿತಾಯಗಾರರಿಗೆ ಮಾರುವುದು ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲ ಎಂದೇ. ಸ್ಪೇನಿನಲ್ಲಿ ಉಳಿತಾಯ ಬ್ಯಾಂಕುಗಳು ಆದ್ಯತಾ ಪತ್ರಗಳನ್ನು ತಮ್ಮದೇ ಕೌಂಟರಿನಲ್ಲಿ ತಮ್ಮದೇ ಠೇವಣಿದಾರರಿಗೆ ಮಾರಿದ್ದವು; 2012ರ ಯೂರೋಪಿನ ನೆರವಿನ ಷರತ್ತಿನಂತೆ ನಷ್ಟ ಹಂಚಿದಾಗ ಪೆಟ್ಟು ಬಿದ್ದದ್ದು ಆ ಮನೆಗಳಿಗೆ. ಬ್ರಿಟನ್ನಿನ ನಿಯಂತ್ರಕರು 2014ರಲ್ಲಿ ಇಂತಹ ಮಾರಾಟಕ್ಕೆ ನಿರ್ಬಂಧ ತಂದರು. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2020ರ ಅಕ್ಟೋಬರಿನಲ್ಲಿ ಎಟಿ1 ಪತ್ರಗಳ ಕನಿಷ್ಠ ಹಂಚಿಕೆಯನ್ನು ₹1 ಕೋಟಿಗೆ ಏರಿಸಿ, ಹೊರಡಿಸುವ ಹಂತದಲ್ಲಿ ಅರ್ಹ ಸಾಂಸ್ಥಿಕ ಖರೀದಿದಾರರಿಗಷ್ಟೇ ಕೊಡಬೇಕೆಂದು ನಿಯಮಿಸಿತು.

ಕ್ರೆಡಿಟ್ ಸ್ವೀಸ್ ಪ್ರಕರಣದ ಬಳಿಕ ಎಟಿ1 ಪೇಟೆಯೇ ಮುಗಿಯಿತೆಂದು ಹಲವರು ಬರೆದರು. ಎಂಟು ತಿಂಗಳೊಳಗೆ, 2023ರ ನವೆಂಬರಿನಲ್ಲಿ, ಅದನ್ನು ಕೊಂಡ ಯುಬಿಎಸ್ ಬ್ಯಾಂಕೇ 350 ಕೋಟಿ ಡಾಲರ್ ಮೊತ್ತದ ಎಟಿ1 ಪತ್ರಗಳನ್ನು ಹೊರಡಿಸಿತು, ಬೇಡಿಕೆ ಅದರ ಹಲವು ಪಟ್ಟು ಬಂತು. ಆದರೆ ಷರತ್ತು ಬದಲಾಗಿತ್ತು: ಷೇರುದಾರರ ಒಪ್ಪಿಗೆ ದೊರೆತ ಮೇಲೆ, ಪ್ರಚೋದಕ ಸನ್ನಿವೇಶದಲ್ಲಿ ಪತ್ರಗಳು ಸೊನ್ನೆಯಾಗುವ ಬದಲು ಷೇರುಗಳಾಗುತ್ತವೆ. ಆಸ್ಟ್ರೇಲಿಯಾದ ನಿಯಂತ್ರಕರು ಬೇರೆ ದಾರಿ ಹಿಡಿದರು. ಈ ಪತ್ರಗಳು ಸಂಕಷ್ಟದ ಆರಂಭದಲ್ಲಿ ಬ್ಯಾಂಕನ್ನು ನಿಲ್ಲಿಸುವ ಕೆಲಸವನ್ನು ಮಾಡುತ್ತಿಲ್ಲವೆಂದು ವಾದಿಸಿ, 2027ರ ಜನವರಿಯಿಂದ ಅವುಗಳನ್ನು ಬಂಡವಾಳದ ಚೌಕಟ್ಟಿನಿಂದಲೇ ಹಂತಹಂತವಾಗಿ ಕೈಬಿಡಲು ತೀರ್ಮಾನಿಸಿದರು. ದೊಡ್ಡ ಬ್ಯಾಂಕುಗಳಲ್ಲಿ ಶೇ 1.5ರಷ್ಟು ಎಟಿ1 ಇದ್ದ ಜಾಗವನ್ನು ಶೇ 1.25 ಟಿಯರ್ 2 ಮತ್ತು ಶೇ 0.25 ಅಪ್ಪಟ ಷೇರು ಬಂಡವಾಳ ತುಂಬಲಿವೆ. ಬಹುಪಾಲು ಭಾರ ಹೀಗೆ ಟಿಯರ್ 2 ಪತ್ರದ ಹೆಗಲಿಗೆ ಜಾರಿದೆ. ನಿಯಂತ್ರಕರ ತೀರ್ಮಾನದ ಷರತ್ತು ಅದರಲ್ಲಿಯೂ ಇದೆ.