ನಾಳೆ ಬಾ

ಎಲ್ಲರಿಗೂ ವಂದನೆ. ನಮ್ಮ ಚರ್ಚಿನ ಸುಗ್ಗಿ ಹಬ್ಬದ ದಿನ, ಅದೂ ಕಾಣಿಕೆಗಳ ಹರಾಜಿಗೆ ಮುಂಚೆ, ನನ್ನನ್ನು ಮಾತಾಡಲು ನಿಲ್ಲಿಸಿದ್ದಾರೆ ಎಂದರೆ ಸಭಾಪಾಲಕರಾದ ಅಯ್ಯನವರಿಗೆ ನನ್ನ ಮೇಲೆ ಏನೋ ಸಿಟ್ಟಿರಬೇಕು. ಆ ಕಡೆಯಿಂದ ಬಿರಿಯಾನಿ ಘಮ ಬರುತ್ತಿದೆ, ಈ ಕಡೆ ಮೇಜಿನ ಮೇಲೆ ಬಾಳೆಗೊನೆ, ಬೂದುಗುಂಬಳ, ಸುವರ್ಣಗೆಡ್ಡೆ, ಕಾಲು ಕಟ್ಟಿದ ಒಂದು ನಾಟಿ ಕೋಳಿ. ನನ್ನ ಮಾತಿಗಿಂತ ಆ ಕೋಳಿಯ ಮಾತೇ ಜಾಸ್ತಿ ಕೇಳಿಸುತ್ತಿದೆ. ಇರಲಿ.

ಕೊಟ್ಟ ವಿಷಯ "ನಂಬಿಕೆ ಮತ್ತು ದಿನನಿತ್ಯದ ಬದುಕು". ಮೂರು ಅಂಶ ಬರೆದುಕೊಂಡು ಬಂದಿದ್ದೇನೆ. ಮೂರೂ ಮುಗಿಯುತ್ತವೆ ಎಂಬ ಭರವಸೆ ಇಲ್ಲ.

ಹೋದ ವರ್ಷದ ಹರಾಜಿನ ಮೊಟ್ಟೆ ನೆನಪಿದೆ ಅಲ್ವಾ? ಒಂದೇ ಒಂದು ಮೊಟ್ಟೆ. ಒಬ್ಬರು ಮುನ್ನೂರಕ್ಕೆ ಕೂಗಿದರು, ಹಿಡಿದರು, "ಇದೂ ದೇವರಿಗೇ" ಎಂದು ವಾಪಸ್ ಕೊಟ್ಟರು. ಮತ್ತೆ ಹರಾಜು. ಐನೂರು. ಮತ್ತೆ ವಾಪಸ್. ಕೊನೆಗೆ ಎಂಟುನೂರಕ್ಕೆ ಒಂದು ಸಾರಿ, ಎರಡು ಸಾರಿ, ಮೂರು ಸಾರಿ! ಚಪ್ಪಾಳೆ. ತೆಗೆದುಕೊಂಡವರು ಇಲ್ಲೇ ಎಲ್ಲೋ ಇರಬಹುದು, ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ಆ ದುಡ್ಡು ಮಕ್ಕಳ ಫೀಸಿಗೆ ಹೋಯಿತು, ಒಳ್ಳೆಯದೇ ಆಯಿತು. ನಾನು ಹೇಳಬೇಕೆಂದಿರುವುದು ಆಮೇಲಿನದು. ಅವರು ಮೊಟ್ಟೆ ಹಿಡಿದುಕೊಂಡು ಗೇಟಿಗೆ ಹೋದರು. ಗೇಟಿನ ಹೊರಗೆ ಒಬ್ಬ ಅಮ್ಮ ಬಸಳೆ ಮಾರುತ್ತಾ ಕೂತಿದ್ದರು. ಕಟ್ಟಿಗೆ ಮೂವತ್ತು ರೂಪಾಯಿ. ನಮ್ಮವರು "ಎರಡು ಐವತ್ತಕ್ಕೆ ಕೊಡು" ಎಂದರು. ಆಗಲ್ಲ ಎಂದರು ಆ ಅಮ್ಮ. "ಏನು ಬಂಗಾರವಾ ಇದು? ನಿಮ್ಮಂಥವರದ್ದು ಯಾವಾಗಲೂ ಇದೇ" ಎಂದು ಇವರು ಶುರು ಮಾಡಿದರು. ಆ ಅಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತಾ, ತಲೆಯನ್ನೂ ಎತ್ತದೆ, "ಒಳಗೆ ಮೈಕಲ್ಲಿ ಮೊಟ್ಟೆ ರೇಟು ಕೇಳಿಸ್ತು ಸ್ವಾಮಿ" ಎಂದರು.

ನಗಿ, ನಾನೂ ನಕ್ಕೆ. ಆದರೆ ನಮ್ಮ ಹಾಡು, ಪ್ರಾರ್ಥನೆ, ಪ್ರಸಂಗ ಎಲ್ಲವೂ ಆ ಮೈಕಲ್ಲಿ ಆ ಅಮ್ಮನಿಗೆ ಕೇಳಿಸುತ್ತದೆ. ಗೇಟಿನ ಹತ್ತಿರ ನಾವು ಆಡುವ ಮಾತೂ ಕೇಳಿಸುತ್ತದೆ. ಎರಡನ್ನೂ ಕೂಡಿಸಿ ನೋಡುವುದು ಅವರಿಗೆ ಕಷ್ಟವೇನಲ್ಲ.

ಬೈಬಲಿನ ರೂತಳ ಕಥೆ ನಿಮಗೆಲ್ಲ ಗೊತ್ತು. ಬೋವಜ ದೊಡ್ಡ ಜಮೀನ್ದಾರ. ಬೇತ್ಲೆಹೇಮಿನಿಂದ ಹೊಲಕ್ಕೆ ಬಂದವನು ಮೊದಲು ಏನು ಕೇಳಿದ? ಎಷ್ಟು ಕೊಯ್ದಿರಿ ಅಂತಲ್ಲ, ಯಾಕಿಷ್ಟು ನಿಧಾನ ಅಂತಲೂ ಅಲ್ಲ. ಯೆಹೋವನು ನಿಮ್ಮ ಸಂಗಡ ಇರಲಿ ಎಂದು ಕೂಲಿಯವರಿಗೆ ತಾನೇ ಮೊದಲು ವಂದಿಸಿದ. ತೆನೆ ಆಯಲು ಬಂದ ಪರದೇಶದ ವಿಧವೆ ರೂತಳಿಗೆ, ಬಾಯಾರಿದರೆ ಆಳುಗಳು ಸೇದಿಟ್ಟ ನೀರು ಕುಡಿ ಎಂದ. ಮಧ್ಯಾಹ್ನ ಊಟಕ್ಕೆ ಜೊತೆಗೆ ಕೂರಿಸಿ ಹುರಿದ ಕಾಳು ಕೊಟ್ಟ. ಆಮೇಲೆ ಆಳುಗಳನ್ನು ಕರೆದು, ಸಿವುಡಿನಿಂದ ತೆನೆ ಎಳೆದು ಬೇಕೆಂದೇ ಬೀಳಿಸಿ, ಆಕೆಯನ್ನು ಗದರಿಸಬೇಡಿ ಎಂದ. ಇದು ನನಗೆ ತುಂಬಾ ಇಷ್ಟ. ಕೊಡುವುದನ್ನು ಕೈಗೆ ಕೊಟ್ಟು ಫೋಟೋ ತೆಗೆಸಿಕೊಳ್ಳಲಿಲ್ಲ. ಆಕೆ ದುಡಿದು ಆಯ್ದುಕೊಂಡ ಹಾಗೇ ಆಗಬೇಕು.

ನಮ್ಮ ಮನೆಗಳಲ್ಲಿ? ಕೆಲಸದಾಕೆ ತಿಂಗಳ ಐದನೇ ತಾರೀಕು ಸಂಬಳ ಕೇಳಿದರೆ "ನಾವೇನು ಓಡಿ ಹೋಗ್ತೀವಾ?" ಪ್ಲಂಬರ್ ಕೇಳಿದರೆ "ಚಿಲ್ಲರೆ ಇಲ್ಲ, ನಾಳೆ ಬಾ." ಹಿಂದೆ ದೆವ್ವ ಒಳಗೆ ಬರಬಾರದು ಎಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ನಾವು ಕ್ರೈಸ್ತರು, ಅದನ್ನೆಲ್ಲ ನಂಬುವುದಿಲ್ಲ. ದುಡಿದವರಿಗೆ ಮಾತ್ರ ಹೇಳುತ್ತೇವೆ! ಬೈಬಲಿನಲ್ಲಿ ಜ್ಞಾನೋಕ್ತಿ 3:28 ತೆಗೆದು ನೋಡಿ. ಕೈಯಲ್ಲಿ ಇರುವಾಗಲೇ ನೆರೆಯವನಿಗೆ ಹೋಗಿ ನಾಳೆ ಬಾ ಎನ್ನಬೇಡ ಅಂತ ಸ್ಪಷ್ಟವಾಗಿ ಇದೆ. ಯಾಜಕಕಾಂಡ 19ರಲ್ಲಿ ಕೂಲಿಯವನ ಕೂಲಿ ಬೆಳಗಾಗುವ ತನಕ ನಿನ್ನ ಹತ್ತಿರ ಇರಬಾರದು ಎಂದಿದೆ. ಪತ್ರ ಬರೆದ ಯಾಕೋಬನಂತೂ ತಡೆಹಿಡಿದ ಕೂಲಿಯೇ ಕೂಗುತ್ತದೆ ಎನ್ನುತ್ತಾನೆ. ಯಾರ ಕೂಲಿ? ಹೊಲ ಕೊಯ್ದವರದು. ಸುಗ್ಗಿ ಹಬ್ಬಕ್ಕೆ ಇದಕ್ಕಿಂತ ಬೇರೆ ವಾಕ್ಯ ಬೇಕಾ?

ನಮಗಂತೂ ಇದು ಜಾಸ್ತಿ ತಾಗಬೇಕು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ನಂಬಿಕೆಗೆ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಜನರಿಗೆ ಮನೆಯೂ ಹೋಯಿತು, ಕಸುಬೂ ಹೋಯಿತು. ಹಾಡಿನ ಪುಸ್ತಕ ಕೊಟ್ಟರೆ ಹೊಟ್ಟೆ ತುಂಬುತ್ತದಾ? ಅದಕ್ಕೇ ಮಗ್ಗ ಬಂತು, ಪ್ರೆಸ್ ಬಂತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಣ್ಣು ತುಳಿದು, ಒಲೆ ಮುಂದೆ ನಿಂತು, ಕೂಲಿ ಎಣಿಸಿಕೊಂಡು ಮನೆಗೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ನಾವು. ಈಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಇನ್ನೊಬ್ಬರಿಗೆ ನಾಳೆ ಬಾ ಎನ್ನುತ್ತಿದ್ದೇವೆ.

ಅಯ್ಯನವರು ಗಡಿಯಾರ ನೋಡಿದರು. ನಾನೂ ನೋಡಿದೆ. ಇದಿನ್ನೂ ಮೊದಲನೇ ಅಂಶ.

ಎರಡನೆಯದು ನಾಲಿಗೆ. ಬೇಗ ಹೇಳಿಬಿಡುತ್ತೇನೆ. ಚಾಡಿ ಹೇಳಬಾರದು ಎಂದು ನಮಗೆ ಗೊತ್ತು, ಅದಕ್ಕೆ ನಾವು ಚಾಡಿ ಹೇಳುವುದಿಲ್ಲ. "ಆ ಮನೆ ಹುಡುಗಿಯ ವಿಷಯ ಕೇಳಿದ್ರಾ? ಪ್ರಾರ್ಥನೆ ಮಾಡಿ ಅಂತ ಸುಮ್ನೆ ಹೇಳ್ತಿದೀನಿ." ಆಯಿತು, ಸಂಜೆಯೊಳಗೆ ಇಡೀ ಸಭೆ ಪ್ರಾರ್ಥನೆಯಲ್ಲಿದೆ! ಆ ಹುಡುಗಿ ಮುಂದಿನ ಭಾನುವಾರದಿಂದ ಆರಾಧನೆಗೆ ಬರುವುದಿಲ್ಲ. ಸ್ತ್ರೀಯರ ಸಂಘದವರು ನನ್ನನ್ನು ಹಾಗೆ ನೋಡಬೇಡಿ, ಗಂಡಸರು ಪಾರ್ಕಿಂಗಿನಲ್ಲಿ ಮಾಡುವುದೂ ಇದನ್ನೇ.

ಮೂರನೆಯದು ವಾಟ್ಸಾಪ್. ಬೆಳಿಗ್ಗೆ ಐದಕ್ಕೆ ದೇವರ ವಾಕ್ಯ, ಎಂಟಕ್ಕೆ ಯಾರನ್ನೋ ಬೈಯುವ ವಿಡಿಯೋ, ಎರಡೂ ಒಂದೇ ಬೆರಳಿನಿಂದ. ಯಾಕೋಬ 3ನೇ ಅಧ್ಯಾಯ ಮನೆಗೆ ಹೋಗಿ ಓದಿ, ನನಗೆ ಸಮಯ ಇಲ್ಲ.

ಒಂದೇ ವಿಷಯ, ಆಮೇಲೆ ಹರಾಜು. ಶಾಮಿಯಾನದ ಅಣ್ಣ ಹಿಂದೆ ಟೆಂಪೋ ಹತ್ತಿರ ನಿಂತಿದ್ದಾರೆ. ಬಿಲ್ ಕೊಟ್ಟರಂತೆ, ನಮ್ಮ ಕಮಿಟಿಯವರು ನಾಳೆ ಬನ್ನಿ ಎಂದರಂತೆ. ಚೆಕ್ಕಿಗೆ ಎರಡು ಸಹಿ ಬೇಕು, ಒಪ್ಪುತ್ತೇನೆ. ಕಾರ್ಯದರ್ಶಿಯವರು ಇಲ್ಲೇ ಇದ್ದೀರಿ, ಖಜಾಂಚಿಯವರು ಅವರ ಪಕ್ಕದಲ್ಲೇ ಇದ್ದೀರಿ. ಪೆನ್ನು ನನ್ನ ಹತ್ತಿರ ಇದೆ, ಬನ್ನಿ.